ಹೋಮ್ ಥಿಯೇಟರ್ ಕಂಪ್ಯೂಟರ್: ತಂಪಾಗಿದ್ದರೆ ತಾನೇ ಮೌನ

ರಾತ್ರಿ ಹತ್ತರ ಸಮಯ. ನಡುಮನೆಯ ದೀಪ ಆರಿದೆ. ತೆರೆಯ ಮೇಲೆ ಹಳೆಯ ಕಪ್ಪು ಬಿಳುಪು ಚಿತ್ರವೊಂದು ಓಡುತ್ತಿದೆ. ಇಬ್ಬರು ಪಾತ್ರಧಾರಿಗಳು ಪಿಸುದನಿಯಲ್ಲಿ ಮಾತನಾಡುತ್ತಿದ್ದಾರೆ. ಅವರ ಮಾತಿಗಿಂತ ಸ್ಪಷ್ಟವಾಗಿ ಕೇಳುತ್ತಿರುವುದು ಟಿ.ವಿ.ಯ ಕೆಳಗಿನ ಷೋಕೇಸಿನಲ್ಲಿ ಇಟ್ಟಿರುವ ಕಂಪ್ಯೂಟರಿನ ಗುಂಯ್‌ಗುಡುವ ಸದ್ದು. ಬೇಸತ್ತ ಮನೆಯವರು ಷೋಕೇಸಿನ ಗಾಜಿನ ಬಾಗಿಲನ್ನು ಮುಚ್ಚುತ್ತಾರೆ. ಸದ್ದು ಅಡಗುತ್ತದೆ. ಆದರೆ ಅರ್ಧ ತಾಸು ಕಳೆಯುವಷ್ಟರಲ್ಲಿ ಅದೇ ಸದ್ದು ಮೊದಲಿಗಿಂತ ಜೋರಾಗಿ ಮರಳುತ್ತದೆ, ಚಿತ್ರ ತಡವರಿಸತೊಡಗುತ್ತದೆ, ಕೊನೆಗೊಮ್ಮೆ ಯಂತ್ರ ತಾನಾಗಿಯೇ ಆರಿಹೋಗುತ್ತದೆ.

ಇಂತಹ ಅನುಭವಕ್ಕೆ ಒಳಗಾದವರು ಸಾಮಾನ್ಯವಾಗಿ ಯಂತ್ರವನ್ನೇ ದೂರುತ್ತಾರೆ. ತಪ್ಪು ಇರುವುದು ಬಾಗಿಲು ಮುಚ್ಚಿದ್ದರಲ್ಲಿ. ಸದ್ದು ಮತ್ತು ಶಾಖ ಎರಡು ಬೇರೆ ಬೇರೆ ತೊಂದರೆಗಳಲ್ಲ. ಸದ್ದಿನ ಬಹುಪಾಲು ಶಾಖವನ್ನು ಹೊರಹಾಕಲು ಯಂತ್ರ ಪಡುವ ಪಾಡೇ ಆಗಿದೆ. ಶಾಖಕ್ಕೆ ಸುಲಭವಾದ ದಾರಿ ಮಾಡಿಕೊಟ್ಟರೆ ಸದ್ದು ತಾನಾಗಿಯೇ ಇಳಿಯುತ್ತದೆ. ದಾರಿಯನ್ನು ಮುಚ್ಚಿ ಸದ್ದನ್ನು ಅಡಗಿಸಹೊರಟರೆ ಎರಡೂ ಕೈಮೀರುತ್ತವೆ.

ನಡುಮನೆಗೆ ಬಂದ ಕಂಪ್ಯೂಟರ್

ಟಿ.ವಿ.ಯ ಜೊತೆಗೆ ಕಂಪ್ಯೂಟರನ್ನು ಜೋಡಿಸುವ ಹವ್ಯಾಸ ಇಂದು ನಿನ್ನೆಯದಲ್ಲ. ಮೈಕ್ರೋಸಾಫ್ಟ್ ಸಂಸ್ಥೆ 2002ರಲ್ಲಿ ವಿಂಡೋಸ್ ಎಕ್ಸ್‌ಪಿಯ ಮೀಡಿಯಾ ಸೆಂಟರ್ ಆವೃತ್ತಿಯನ್ನು ಹೊರತಂದಾಗ ಅದಕ್ಕೆ ವ್ಯಾಪಕ ಪ್ರಚಾರ ದೊರೆಯಿತು. 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಆ ಸೌಲಭ್ಯವನ್ನು ಕೈಬಿಡಲಾಯಿತು. ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿ ಬೆಳೆದು 2014ರಲ್ಲಿ ಕೋಡಿ ಎಂದು ಮರುನಾಮಕರಣಗೊಂಡ ಉಚಿತ ತಂತ್ರಾಂಶವಂತೂ ಇಂದಿಗೂ ಬಳಕೆಯಲ್ಲಿದೆ.

ಅಂತರ್ಜಾಲದ ಮೂಲಕವೇ ಚಿತ್ರ ನೋಡುವ ಈ ದಿನಗಳಲ್ಲಿ ಇಂತಹ ಯಂತ್ರ ಎಲ್ಲರಿಗೂ ಬೇಕಿಲ್ಲ. ಆದರೆ ಮದುವೆ, ನಾಮಕರಣಗಳ ವಿಡಿಯೊ, ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಸಂಗೀತ ಕಛೇರಿಗಳು, ಖರೀದಿಸಿದ ಡಿವಿಡಿಗಳು ಮುಂತಾದ ಸ್ವಂತ ಸಂಗ್ರಹವುಳ್ಳ ಮನೆಗಳಲ್ಲಿ ಅದರ ಸ್ಥಾನ ಉಳಿದುಕೊಂಡಿದೆ. ಕಚೇರಿಯ ಕಂಪ್ಯೂಟರು ಗದ್ದಲದ ನಡುವೆ ಕೆಲಸ ಮಾಡುತ್ತದೆ. ಅದರ ಸದ್ದು ಯಾರಿಗೂ ಕೇಳಿಸದು. ನಡುಮನೆಯ ಕಂಪ್ಯೂಟರಾದರೋ ಕಿವಿಗೊಟ್ಟು ಕೇಳುವವರ ಎದುರಿಗೇ ಇರಬೇಕು. ಅದೂ ಗಾಳಿ ಸುಳಿಯದ ಮರದ ಗೂಡಿನೊಳಗೆ.

ಶಾಖ ಬರುವುದು ಎಲ್ಲಿಂದ?

ಕಂಪ್ಯೂಟರು ಬಳಸುವ ವಿದ್ಯುತ್ತಿನ ಬಹುತೇಕ ಎಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಗೋಡೆಯ ಪ್ಲಗ್ಗಿನಿಂದ 100 ವಾಟ್ ಎಳೆದುಕೊಳ್ಳುವ ಯಂತ್ರವೆಂದರೆ 100 ವಾಟಿನ ಹಳೆಯ ಬುರುಡೆ ಬಲ್ಬನ್ನು ಷೋಕೇಸಿನೊಳಗೆ ಉರಿಸಿ ಬಾಗಿಲು ಹಾಕಿದಂತೆ. ಬೆಳಕಿಲ್ಲ ಎಂಬುದೊಂದೇ ವ್ಯತ್ಯಾಸ.

ಹೀಗಾಗಿ ತಂಪಿನ ಮೊದಲ ಉಪಾಯ ಫ್ಯಾನ್ ಅಲ್ಲ. ಶಾಖವನ್ನೇ ಕಡಿಮೆ ಹುಟ್ಟಿಸುವ ಯಂತ್ರದ ಆಯ್ಕೆ. 2004ರಲ್ಲಿ ಬಂದ ‘ಪ್ರೆಸ್ಕಾಟ್’ ಮಾದರಿಯ ಪೆಂಟಿಯಂ 4 ಪ್ರೊಸೆಸರುಗಳಲ್ಲಿ ಕೆಲವಕ್ಕೆ ತಯಾರಕರೇ ನಮೂದಿಸಿದ ಶಾಖದ ಪ್ರಮಾಣ 115 ವಾಟ್ ಇತ್ತು. 2006ರಲ್ಲಿ ಕೋರ್ 2 ಡ್ಯುಯೊ ಬಂದಾಗ ಅದು 65 ವಾಟಿಗೆ ಇಳಿಯಿತು. 2023ರಲ್ಲಿ ಬಿಡುಗಡೆಯಾದ ಇಂಟೆಲ್ ಎನ್100 ಪ್ರೊಸೆಸರಿಗೆ ನಮೂದಾದ ಪ್ರಮಾಣ ಕೇವಲ 6 ವಾಟ್. ಭರದ ಕೆಲಸದ ಕ್ಷಣಗಳಲ್ಲಿ ಇದು ಇನ್ನಷ್ಟು ಎಳೆದುಕೊಳ್ಳಬಹುದಾದರೂ ಚಿತ್ರ ತೋರಿಸುವಷ್ಟಕ್ಕೆ ಧಾರಾಳವಾಗಿ ಸಾಕು. ಆಟ ಆಡುವುದಕ್ಕೆಂದು ಕೊಂಡ ಭಾರಿ ಗ್ರಾಫಿಕ್ಸ್ ಕಾರ್ಡನ್ನು ಚಿತ್ರ ನೋಡುವ ಯಂತ್ರದಲ್ಲಿ ಉಳಿಸಿಕೊಳ್ಳುವುದು ಒಲೆಯನ್ನು ಮನೆಯೊಳಗೆ ಹೊತ್ತಿಸಿಟ್ಟು ಸೆಖೆಯೆಂದು ಗೊಣಗಿದಂತೆ.

ಹಳೆಯ ಯಂತ್ರವನ್ನೇ ಬಳಸುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ವಿಡಿಯೊ ಕಡತಗಳು ಕುಗ್ಗಿಸಿದ ರೂಪದಲ್ಲಿರುತ್ತವೆ. ಅವನ್ನು ಬಿಡಿಸಲು ಗ್ರಾಫಿಕ್ಸ್ ಚಿಪ್ಪಿನಲ್ಲಿ ಪ್ರತ್ಯೇಕ ವ್ಯವಸ್ಥೆಯಿದ್ದರೆ ಕೆಲಸ ಅಲ್ಪ ವಿದ್ಯುತ್ತಿನಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಮುಖ್ಯ ಪ್ರೊಸೆಸರೇ ಬೆವರಿಳಿಸಿ ದುಡಿಯಬೇಕಾಗುತ್ತದೆ. ಎಚ್.264 ವಿಧಾನ 2003ರಲ್ಲಿ, ಎಚ್‌ಇವಿಸಿ 2013ರಲ್ಲಿ, ಎವಿ1 2018ರಲ್ಲಿ ಬಂದವು. ಯಂತ್ರದ ಚಿಪ್ಪು ತನಗಿಂತ ಈಚಿನ ವಿಧಾನವನ್ನು ಅರಿಯದು. ಒಂದು ಚಿತ್ರಕ್ಕೆ ಸುಮ್ಮನಿರುವ ಫ್ಯಾನ್ ಇನ್ನೊಂದಕ್ಕೆ ಮೊರೆಯುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ ಆಗಿರುತ್ತದೆ. ಚಿತ್ರ ತೋರಿಸುವ ತಂತ್ರಾಂಶದಲ್ಲಿ ‘ಹಾರ್ಡ್‌ವೇರ್ ಆಕ್ಸಲರೇಷನ್’ ಆಯ್ಕೆ ಚಾಲೂ ಇದೆಯೇ ಎಂದು ಮೊದಲು ನೋಡಬೇಕು. ಇದಕ್ಕೆ ಬಿಡಿಗಾಸೂ ಖರ್ಚಾಗದು.

ರಾಯಚೂರಿನ ಬಿಸಿಲು, ಷೋಕೇಸಿನ ಸೆಖೆ

ಶಾಖ ಬಿಸಿಯಾದ ವಸ್ತುವಿನಿಂದ ತಂಪಾದ ವಸ್ತುವಿಗೆ ಹರಿಯುತ್ತದೆ. ಎರಡರ ನಡುವಿನ ಉಷ್ಣಾಂಶದ ಅಂತರ ಹೆಚ್ಚಿದಷ್ಟೂ ವೇಗವಾಗಿ ಹರಿಯುತ್ತದೆ. ಪ್ರೊಸೆಸರಿನ ಮೇಲೆ ಕೂರಿಸಿದ ಹೀಟ್ ಸಿಂಕ್ ಎಂಬ ಲೋಹದ ಪಕಳೆಗಳ ಗುಚ್ಛ ತನ್ನ ಶಾಖವನ್ನು ಬಿಟ್ಟುಕೊಡಲು ಸುತ್ತಲಿನ ಗಾಳಿಗಿಂತ 30 ಡಿಗ್ರಿ ಹೆಚ್ಚು ಬಿಸಿಯಿರಬೇಕಾಗುತ್ತದೆ ಎಂದು ಭಾವಿಸೋಣ. ಗಾಳಿ 25 ಡಿಗ್ರಿಯಿದ್ದರೆ ಅದು 55 ಡಿಗ್ರಿಯಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಲ್ಲಿ ಅದೇ ಯಂತ್ರ ಅದೇ ಫ್ಯಾನಿನ ವೇಗದಲ್ಲಿ 70 ಡಿಗ್ರಿಗೆ ಏರುತ್ತದೆ. ಮುಚ್ಚಿದ ಷೋಕೇಸಿನೊಳಗಿನ ಗಾಳಿ ಕೋಣೆಗಿಂತ ಇನ್ನೂ 15 ಡಿಗ್ರಿ ಬಿಸಿಯಾದರೆ 85. ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಗಿತ್ತು. ಚಳಿ ದೇಶದವರ ಅನುಭವವನ್ನು ಇಲ್ಲಿಗೆ ಯಥಾವತ್ತಾಗಿ ಅನ್ವಯಿಸಲಾಗದು.

ಇಂಟೆಲ್ ಪ್ರೊಸೆಸರುಗಳಲ್ಲಿ ಅನೇಕವು ಸುಮಾರು 100 ಡಿಗ್ರಿಯನ್ನು ಗರಿಷ್ಠ ಮಿತಿಯಾಗಿ ಇರಿಸಿಕೊಂಡಿವೆ. ಮಿತಿ ಸಮೀಪಿಸಿದಂತೆ ಫ್ಯಾನ್ ವೇಗ ಏರುತ್ತದೆ. ಅದೂ ಸಾಲದಾದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಚಿತ್ರ ತಡವರಿಸುವುದು ಆಗಲೇ. ಅದಕ್ಕೂ ಮೀರಿದಾಗ ಯಂತ್ರ ತನ್ನನ್ನು ಉಳಿಸಿಕೊಳ್ಳಲು ಆರಿಹೋಗುತ್ತದೆ.

ಎಷ್ಟು ಗಾಳಿ ಬೇಕು?

ಇದಕ್ಕೆ ಸರಳ ಲೆಕ್ಕವುಂಟು. 100 ವಾಟ್ ಶಾಖವನ್ನು ಹೊತ್ತೊಯ್ಯುವ ಗಾಳಿ ಕೇವಲ 10 ಡಿಗ್ರಿಯಷ್ಟು ಬಿಸಿಯಾಗಬೇಕಾದರೆ ಸೆಕೆಂಡಿಗೆ ಸುಮಾರು 8 ಲೀಟರ್ ಗಾಳಿ ಷೋಕೇಸಿನ ಮೂಲಕ ಹಾದುಹೋಗಬೇಕು. ಇದೇನೂ ಬಿರುಗಾಳಿಯಲ್ಲ, ನಿಧಾನವಾಗಿ ತಿರುಗುವ ಒಂದು ದೊಡ್ಡ ಫ್ಯಾನ್ ಇದನ್ನು ಸಲೀಸಾಗಿ ಒದಗಿಸಬಲ್ಲದು. ಆದರೆ ಗಾಳಿಗೆ ಒಳಬರಲು ಒಂದು ದಾರಿ, ಹೊರಹೋಗಲು ಇನ್ನೊಂದು ದಾರಿ ಇರಲೇಬೇಕು. ಇಲ್ಲದಿದ್ದರೆ ಫ್ಯಾನ್ ಎಷ್ಟೇ ತಿರುಗಿದರೂ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ಕಡೆಯುತ್ತಿರುತ್ತದೆ.

ಬಿಸಿ ಗಾಳಿ ಹಗುರವಾಗಿ ಮೇಲೇರುವುದರಿಂದ ಷೋಕೇಸಿನ ಹಿಂಬದಿಯ ಹಲಗೆಯಲ್ಲಿ ಕೆಳಗೊಂದು, ಮೇಲೊಂದು ಅಗಲವಾದ ಕಿಂಡಿ ಕೊರೆಸುವುದು ಉತ್ತಮ. ಹಳೆಯ ಅಡುಗೆಮನೆಗಳಲ್ಲಿ ಹೊಗೆ ಹೋಗಲು ಮಾಡಿನಲ್ಲಿ ಬಿಡುತ್ತಿದ್ದ ಗವಾಕ್ಷಿಯ ತತ್ವವೇ ಇಲ್ಲಿಯೂ ನಡೆಯುತ್ತದೆ. ಷೋಕೇಸನ್ನು ಗೋಡೆಗೆ ಅಂಟಿಸದೆ ನಾಲ್ಕೈದು ಬೆರಳಿನಷ್ಟು ಜಾಗ ಬಿಡಬೇಕು. ಯಂತ್ರದ ಮೇಲೆ ಕಸೂತಿ ಬಟ್ಟೆ ಹೊದಿಸುವುದು, ಹೂದಾನಿ, ಪುಸ್ತಕ ಜೋಡಿಸುವುದು ಅಂದವಾದರೂ ಅಪಾಯಕಾರಿ. ಕೇಬಲ್ ಪೆಟ್ಟಿಗೆ, ಆಂಪ್ಲಿಫೈಯರುಗಳ ಮೇಲೆ ಕಂಪ್ಯೂಟರನ್ನು ಕೂರಿಸುವುದೂ ಸಲ್ಲದು. ಆಂಪ್ಲಿಫೈಯರಿನ ಬಿಸಿಯುಸಿರನ್ನೇ ಅದು ಸೇವಿಸಬೇಕಾಗುತ್ತದೆ.

ದೊಡ್ಡ ಫ್ಯಾನ್, ನಿಧಾನ ಗತಿ

ಫ್ಯಾನಿನ ಸದ್ದು ಅದರ ವೇಗದೊಂದಿಗೆ ಕಡಿದಾಗಿ ಏರುತ್ತದೆ. ಎಂಜಿನಿಯರುಗಳು ಅನುಸರಿಸುವ ಫ್ಯಾನ್ ನಿಯಮಗಳ ಪ್ರಕಾರ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿಯೂ ಅರ್ಧವಾಗುತ್ತದೆ. ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿಕೆ ಮನುಷ್ಯರ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ ಎಂಬುದನ್ನು ನೆನೆದರೆ ಈ ಲಾಭದ ಪ್ರಮಾಣ ತಿಳಿದೀತು.

ಕಳೆದುಕೊಂಡ ಗಾಳಿಯನ್ನು ಫ್ಯಾನಿನ ಗಾತ್ರ ತುಂಬಿಕೊಡುತ್ತದೆ. ಒಂದೇ ಆಕಾರದ ಫ್ಯಾನುಗಳು ಒಂದೇ ವೇಗದಲ್ಲಿ ತಿರುಗಿದಾಗ ತಳ್ಳುವ ಗಾಳಿ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. 80 ಮಿಲಿಮೀಟರಿನ ಫ್ಯಾನ್ ನಿಮಿಷಕ್ಕೆ 2000 ಸುತ್ತು ತಿರುಗಿ ಕೊಡುವ ಗಾಳಿಯನ್ನು 120 ಮಿಲಿಮೀಟರಿನದು ಲೆಕ್ಕದ ಪ್ರಕಾರ ಸುಮಾರು 600 ಸುತ್ತುಗಳಲ್ಲಿಯೇ ಕೊಡಬಲ್ಲದು. ಒಂದು ಅಬ್ಬರದ ಫ್ಯಾನಿಗಿಂತ ನಿಧಾನವಾಗಿ ತಿರುಗುವ ಎರಡು ಫ್ಯಾನುಗಳು ಲೇಸು. ಸಮಾನ ಸದ್ದಿನ ಎರಡು ಫ್ಯಾನುಗಳು ಸೇರಿದಾಗ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಅಂದಕ್ಕಾಗಿ ತೆಳುವಾದ ಪೆಟ್ಟಿಗೆ ಕೊಳ್ಳುವವರು ಅದರೊಳಗೆ ಚಿಕ್ಕ ಫ್ಯಾನುಗಳಿಗಷ್ಟೇ ಎಡೆಯಿರುತ್ತದೆ ಎಂಬುದನ್ನು ಮರೆಯಬಾರದು.

ವೇಗವನ್ನು ನಿಯಂತ್ರಿಸುವ ವ್ಯವಸ್ಥೆ ಮದರ್‌ಬೋರ್ಡಿನಲ್ಲಿಯೇ ಇರುತ್ತದೆ. ನಾಲ್ಕು ತಂತಿಗಳ ಫ್ಯಾನನ್ನು ಜೋಡಿಸಿ, ಬಯೋಸ್ ಪುಟದಲ್ಲಿ ಉಷ್ಣಾಂಶಕ್ಕೆ ತಕ್ಕ ವೇಗವನ್ನು ನಿಗದಿಪಡಿಸಬಹುದು. ಉಷ್ಣಾಂಶ ಒಂದೆರಡು ಡಿಗ್ರಿ ಏರಿಳಿದಾಗಲೆಲ್ಲ ಫ್ಯಾನ್ ಒಮ್ಮೆ ಏರಿ ಒಮ್ಮೆ ಇಳಿಯುವಂತಿರಬಾರದು. ಒಂದೇ ಸಮನಾದ ಮೆಲುಸದ್ದನ್ನು ಕಿವಿ ಬೇಗ ಮರೆಯುತ್ತದೆ. ಬದಲಾಗುವ ಸದ್ದನ್ನು ಮರೆಯದು.

ಇಲ್ಲಿ ನಮ್ಮ ಮನೆಗಳಿಗೊಂದು ಅನುಕೂಲವೂ ಇದೆ. ಕಡುಬೇಸಿಗೆಯಲ್ಲಿ ಕಂಪ್ಯೂಟರಿನ ಫ್ಯಾನ್ ತುಸು ಜೋರಾಗಿ ತಿರುಗಿದರೂ ಮೇಲೆ ಛಾವಣಿಯ ಫ್ಯಾನ್ ಓಡುತ್ತಿರುವುದರಿಂದ ಅದು ಕೇಳಿಸದು. ಛಾವಣಿಯ ಫ್ಯಾನ್ ನಿಲ್ಲುವ ಮಳೆಗಾಲ, ಚಳಿಗಾಲದ ರಾತ್ರಿಗಳಲ್ಲಿ ಮೌನ ನಿಜಕ್ಕೂ ಬೇಕು. ಆಗ ಕೋಣೆಯೇ ತಂಪಾಗಿರುವುದರಿಂದ ಯಂತ್ರಕ್ಕೂ ಕಡಿಮೆ ಗಾಳಿ ಸಾಕು. ಉಷ್ಣಾಂಶವನ್ನು ಅನುಸರಿಸುವ ಫ್ಯಾನ್ ಋತುಮಾನವನ್ನೂ ಅನುಸರಿಸುತ್ತದೆ. ಸದಾ ಒಂದೇ ವೇಗಕ್ಕೆ ಕಟ್ಟಿಹಾಕಿದ ಫ್ಯಾನಿಗೆ ಈ ವಿವೇಕವಿಲ್ಲ.

ತಂಬೂರಿಯಾಗುವ ಷೋಕೇಸು

ಎಲ್ಲ ಸದ್ದೂ ಗಾಳಿಯದಲ್ಲ. ತಂಬೂರಿಯ ತಂತಿಯನ್ನಷ್ಟೇ ಮೀಟಿದರೆ ನಾದ ಕ್ಷೀಣ. ಅದನ್ನು ತುಂಬುನಾದವಾಗಿಸುವುದು ಬುರುಡೆ. ಫ್ಯಾನ್ ಮತ್ತು ಹಾರ್ಡ್ ಡಿಸ್ಕಿನ ಸೂಕ್ಷ್ಮ ಕಂಪನವನ್ನು ಪೆಟ್ಟಿಗೆಯ ತಗಡು ಹಾಗೂ ಷೋಕೇಸಿನ ಪೊಳ್ಳು ಹಲಗೆಗಳು ಹಾಗೆಯೇ ಹಿಗ್ಗಿಸುತ್ತವೆ. ಯಂತ್ರ ಓಡುತ್ತಿರುವಾಗ ಅದರ ಮೇಲೆ ಅಂಗೈ ಒತ್ತಿದಾಗ ಗುಂಯ್‌ಕಾರ ಇಳಿದರೆ ದೋಷ ಕಂಪನದ್ದೆಂದು ತಿಳಿಯಬೇಕು. ಯಂತ್ರದ ಕಾಲುಗಳಡಿ ಮೆತ್ತನೆಯ ರಬ್ಬರ್ ಬಿಲ್ಲೆಗಳನ್ನಿಡುವುದು, ಫ್ಯಾನನ್ನು ಕಬ್ಬಿಣದ ಸ್ಕ್ರೂ ಬದಲು ರಬ್ಬರ್ ಗೂಟಗಳಿಂದ ಬಿಗಿಯುವುದು ಅಗ್ಗದ ಪರಿಹಾರಗಳು. ಪೆಟ್ಟಿಗೆಯ ಒಳಮೈಗೆಲ್ಲ ಸ್ಪಂಜು ಅಂಟಿಸುವವರಿದ್ದಾರೆ. ಅದು ಕೀರಲು ಸದ್ದನ್ನು ಹೀರುತ್ತದೆ ನಿಜ. ಆದರೆ ಶಾಖಕ್ಕೂ ಕಂಬಳಿಯಾಗುತ್ತದೆ. ಗಾಳಿಯ ಕಿಂಡಿಗಳನ್ನು ಮುಚ್ಚಿದರಂತೂ ಆರಂಭದ ತಪ್ಪಿಗೇ ಮರಳಿದಂತೆ.

ಧೂಳು ಎಂಬ ಕಂಬಳಿ

ಕೊಂಡ ಹೊಸತರಲ್ಲಿ ಮೌನವಾಗಿದ್ದ ಯಂತ್ರ ವರ್ಷ ಕಳೆದಂತೆ ಗದ್ದಲ ಮಾಡತೊಡಗಿದರೆ ಮೊದಲ ಆರೋಪಿ ಧೂಳು. ಹೀಟ್ ಸಿಂಕಿನ ಪಕಳೆಗಳ ನಡುವೆ ತುಂಬಿಕೊಂಡ ಧೂಳು ಗಾಳಿಯ ಹಾದಿಯನ್ನು ಕಟ್ಟುತ್ತದೆ. ಫ್ಯಾನ್ ಹೆಚ್ಚು ತಿರುಗುತ್ತದೆ. ಹೆಚ್ಚು ತಿರುಗಿದಷ್ಟೂ ಹೆಚ್ಚು ಧೂಳನ್ನು ಎಳೆಯುತ್ತದೆ. ಕರಾವಳಿಯಲ್ಲಿ ತೇವವೂ ಬೆರೆತು ಧೂಳು ಅಂಟಿನಂತೆ ಕಚ್ಚಿಕೊಳ್ಳುತ್ತದೆ.

ನಮ್ಮಲ್ಲಿ ಅನೇಕ ಕಂಪ್ಯೂಟರುಗಳಿಗೆ ಶುಚಿಯ ಭಾಗ್ಯ ವರ್ಷಕ್ಕೊಮ್ಮೆ ಆಯುಧಪೂಜೆಯಂದು ಮಾತ್ರ, ಅದೂ ಹೊರಮೈಗಷ್ಟೇ. ಮೂರು ತಿಂಗಳಿಗೊಮ್ಮೆ ಒಳಗನ್ನೂ ನೋಡುವುದು ಒಳ್ಳೆಯದು. ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಒಣ ಕುಂಚ ಹಾಗೂ ಗಾಳಿಯೂದುವ ಸಾಧನದಿಂದ ಧೂಳು ತೆಗೆಯಬೇಕು. ಒದ್ದೆ ಬಟ್ಟೆ ತಾಕಿಸಬಾರದು. ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲೇಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುದಂಶ ಉಳಿದಿರಬಹುದು. ಗಾಳಿ ಒಳಬರುವ ಕಿಂಡಿಗೆ ತೊಳೆಯಬಹುದಾದ ಜಾಲರಿ ಹಾಕಿ, ಒಳಗೆಳೆಯುವ ಫ್ಯಾನಿನ ಬಲವನ್ನು ಹೊರದೂಡುವ ಫ್ಯಾನಿಗಿಂತ ತುಸು ಹೆಚ್ಚಿಟ್ಟರೆ ಸಂದಿಗೊಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಧೂಳು ಒಳಗೆ ನುಸುಳದು. ಬೆಚ್ಚನೆಯ ಆಶ್ರಯ ಹುಡುಕುವ ಜಿರಳೆಗಳಿಗೂ ಜಾಲರಿ ತಡೆಯಾಗುತ್ತದೆ.

ಹಳೆಯ ಯಂತ್ರಗಳಲ್ಲಿ ಪ್ರೊಸೆಸರಿಗೂ ಹೀಟ್ ಸಿಂಕಿಗೂ ನಡುವಿನ ಶಾಖವಾಹಕ ಲೇಪ ಒಣಗಿರುವುದುಂಟು. ಎರಡು ಲೋಹದ ಮೈಗಳ ನಡುವೆ ಕಣ್ಣಿಗೆ ಕಾಣದ ಗಾಳಿಯ ಪೊಳ್ಳುಗಳಿರುತ್ತವೆ. ಗಾಳಿ ಶಾಖವನ್ನು ಸಾಗಿಸುವುದರಲ್ಲಿ ತೀರ ದುರ್ಬಲ. ಆ ಪೊಳ್ಳುಗಳನ್ನು ತುಂಬುವುದೇ ಲೇಪದ ಕೆಲಸ. ಹಳೆಯದನ್ನು ಒರೆಸಿ ಕಡಲೆಕಾಳಿನಷ್ಟು ಹೊಸ ಲೇಪ ಹಚ್ಚಿದರೆ ಎಷ್ಟೋ ಯಂತ್ರಗಳ ಫ್ಯಾನ್ ಮತ್ತೆ ಶಾಂತವಾಗುತ್ತದೆ.

ಮರೆತುಹೋಗುವ ಎರಡು ಭಾಗಗಳು

ವಿದ್ಯುತ್ ಪೂರೈಕೆಯ ಘಟಕವೂ ಶಾಖದ ಮೂಲವೇ. ಶೇ 70ರಷ್ಟು ದಕ್ಷತೆಯ ಘಟಕ 70 ವಾಟ್ ಒದಗಿಸಲು 100 ವಾಟ್ ಎಳೆದು 30 ವಾಟನ್ನು ತನ್ನೊಳಗೇ ಶಾಖವಾಗಿಸುತ್ತದೆ. 2004ರಲ್ಲಿ ಆರಂಭವಾದ ‘80 ಪ್ಲಸ್’ ಪ್ರಮಾಣಪತ್ರ ಕನಿಷ್ಠ ಶೇ 80ರ ದಕ್ಷತೆಯನ್ನು ಸೂಚಿಸುತ್ತದೆ. ಯಂತ್ರದೊಂದಿಗೆ ಬಿಟ್ಟಿಯಾಗಿ ಬರುವ ಅಗ್ಗದ ಘಟಕಕ್ಕಿಂತ ಇದಕ್ಕೆ ತೆರುವ ಹೆಚ್ಚುವರಿ ಹಣ ವ್ಯರ್ಥವಲ್ಲ.

ಎರಡನೆಯದು ಹಾರ್ಡ್ ಡಿಸ್ಕ್. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳಿರುವುದರಿಂದ ಅದು ಮೊರೆಯುತ್ತದೆ, ಕಟಕಟ ಸದ್ದು ಮಾಡುತ್ತದೆ. ಕಾರ್ಯಾಚರಣೆಯ ತಂತ್ರಾಂಶವನ್ನು ಎಸ್‌ಎಸ್‌ಡಿಗೆ ವರ್ಗಾಯಿಸಿದರೆ ತಿರುಗುವ ಭಾಗವೇ ಇಲ್ಲದ್ದರಿಂದ ಆ ಸದ್ದು ನಿರ್ಮೂಲವಾಗುತ್ತದೆ. ಹೆಚ್ಚು ಸ್ಥಳ ಬೇಡುವ ಚಿತ್ರಸಂಗ್ರಹವನ್ನು ದೊಡ್ಡ ಡಿಸ್ಕುಗಳಲ್ಲಿ ತುಂಬಿ ಬೇರೊಂದು ಕೋಣೆಯಲ್ಲಿರಿಸಿ, ನೆಟ್‌ವರ್ಕ್ ತಂತಿಯ ಮೂಲಕ ನಡುಮನೆಗೆ ತರಬಹುದು. 100 ಮೀಟರ್‌ವರೆಗೂ ಈ ತಂತಿ ನಡೆಯುತ್ತದೆ. ಸದ್ದಿಗೆ ಅತ್ಯುತ್ತಮ ಔಷಧ ಗೋಡೆಯೇ.

ಡಿಸ್ಕಿನ ಪ್ರಶ್ನೆ ಸದ್ದಿಗೆ ಮುಗಿಯದು. ಕುಟುಂಬದ ನೆನಪುಗಳಿರುವುದು ಅದರಲ್ಲಿಯೇ. ಸಾಮಾನ್ಯವಾಗಿ ತಯಾರಕರು ಡಿಸ್ಕುಗಳಿಗೆ ಹೇಳುವ ಗರಿಷ್ಠ ಮಿತಿ 60 ಡಿಗ್ರಿ. ಮುಚ್ಚಿದ ಷೋಕೇಸಿನಲ್ಲಿ ಬೇಸಿಗೆಯ ಮಧ್ಯಾಹ್ನ ಆ ಮಿತಿ ದೂರವೇನಿಲ್ಲ. ಹಾಗೆಂದು ತಂಪೊಂದೇ ರಕ್ಷೆಯೂ ಅಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಖಕ್ಕೂ ಡಿಸ್ಕು ಕೆಡುವುದಕ್ಕೂ ನಂಬಿದ್ದಷ್ಟು ಬಲವಾದ ನಂಟು ಕಂಡುಬರಲಿಲ್ಲ. ಅತಿಯಾದ ಉಷ್ಣಾಂಶದಲ್ಲಿ ಹಾಗೂ ಹಳೆಯ ಡಿಸ್ಕುಗಳಲ್ಲಿ ಮಾತ್ರ ಅದು ಎದ್ದು ತೋರಿತು. ತಂಪಾಗಿಟ್ಟ ಡಿಸ್ಕೂ ಒಂದು ದಿನ ಕೆಡಬಹುದು ಎಂಬುದೇ ಇದರ ತಾತ್ಪರ್ಯ. ಮದುವೆಯ ವಿಡಿಯೊದ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಫ್ಯಾನೇ ಇಲ್ಲದಿದ್ದರೆ?

ಪೂರ್ಣ ಮೌನ ಬಯಸುವವರಿಗೆ ಫ್ಯಾನ್‌ರಹಿತ ಯಂತ್ರಗಳೂ ದೊರೆಯುತ್ತವೆ. ಇವುಗಳಲ್ಲಿ ಅಲ್ಯೂಮಿನಿಯಂ ಪೆಟ್ಟಿಗೆಯ ಪಕಳೆಗಳುಳ್ಳ ಹೊರಮೈಯೇ ಹೀಟ್ ಸಿಂಕ್ ಆಗಿರುತ್ತದೆ. ಹಲವು ಯಂತ್ರಗಳಲ್ಲಿ ಪ್ರೊಸೆಸರಿನ ಶಾಖವನ್ನು ಅಲ್ಲಿಗೆ ಒಯ್ಯುವುದು ತಾಮ್ರದ ಕೊಳವೆಗಳು. ಕೊಳವೆಯೊಳಗಿನ ಅಲ್ಪ ದ್ರವ ಬಿಸಿ ತುದಿಯಲ್ಲಿ ಆವಿಯಾಗಿ, ತಂಪು ತುದಿಯಲ್ಲಿ ಮತ್ತೆ ದ್ರವವಾಗಿ ಮರಳುತ್ತ ಶಾಖವನ್ನು ಸಾಗಿಸುತ್ತದೆ. ಅಲ್ಪ ವಿದ್ಯುತ್ತಿನ ಪ್ರೊಸೆಸರಿಗೆ ಇದು ಸೊಗಸಾದ ಪರಿಹಾರ. ಆದರೆ ಇಂತಹ ಯಂತ್ರ ಗಾಳಿಗಾಗಿ ಕೋಣೆಯನ್ನೇ ನೆಚ್ಚಿಕೊಂಡಿರುತ್ತದೆ. ಅದನ್ನು ತೆರೆದ ಕಪಾಟಿನಲ್ಲಿಟ್ಟರೆ ಸರಿ. ಮುಚ್ಚಿದ ಷೋಕೇಸಿನಲ್ಲಿಟ್ಟರೆ ಫ್ಯಾನುಳ್ಳ ಯಂತ್ರಕ್ಕಿಂತ ಬೇಗ ಬಳಲುತ್ತದೆ.

ಎಲ್ಲಿಂದ ಆರಂಭ?

ಹೊಸ ಬಿಡಿಭಾಗ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಬಹುದು. ಷೋಕೇಸಿನ ಬಾಗಿಲು ತೆರೆದಿಟ್ಟು ಒಂದು ತಾಸು ಚಿತ್ರ ಓಡಿಸಿ ಪ್ರೊಸೆಸರ್ ಹಾಗೂ ಡಿಸ್ಕಿನ ಉಷ್ಣಾಂಶವನ್ನು ಬರೆದಿಟ್ಟುಕೊಳ್ಳಬೇಕು. ಇದನ್ನು ತೋರಿಸುವ ಉಚಿತ ತಂತ್ರಾಂಶಗಳಿವೆ. ಯಂತ್ರ ಪೂರ್ತಿ ತಣ್ಣಗಾದ ಬಳಿಕ, ಅಥವಾ ಮರುದಿನ ಅದೇ ಹೊತ್ತಿಗೆ, ಬಾಗಿಲು ಮುಚ್ಚಿ ಅದೇ ಚಿತ್ರವನ್ನು ಮತ್ತೊಂದು ತಾಸು ಓಡಿಸಬೇಕು. ಎರಡರ ಅಂತರ ಹತ್ತು ಡಿಗ್ರಿಗೂ ಹೆಚ್ಚಾದರೆ ತೊಂದರೆ ಯಂತ್ರದಲ್ಲಿಲ್ಲ, ಪೀಠೋಪಕರಣದಲ್ಲಿದೆ. ಬೇಕಾದದ್ದು ಕಂಪ್ಯೂಟರ್ ಅಂಗಡಿಯಲ್ಲ, ಬಡಗಿ. ಅಂತರ ಕಡಿಮೆಯಿದ್ದೂ ಸದ್ದು ಹೆಚ್ಚಿದ್ದರೆ ಧೂಳು, ಲೇಪ, ತಂತ್ರಾಂಶದ ಆಯ್ಕೆ, ಕಂಪನ ಇವನ್ನು ಒಂದೊಂದಾಗಿ ಪರಿಶೀಲಿಸಬೇಕು. ಫ್ಯಾನ್, ವಿದ್ಯುತ್ ಘಟಕ, ಎಸ್‌ಎಸ್‌ಡಿಗಳ ಖರೀದಿ ಅನಂತರದ ಮಾತು. ಒಮ್ಮೆಗೆ ಒಂದೇ ಬದಲಾವಣೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುತ್ತದೆ.

ಗಾಳಿ ಬರಲೊಂದು ಕಿಂಡಿ, ಹೋಗಲೊಂದು ಕಿಂಡಿ, ನಿಧಾನವಾಗಿ ತಿರುಗುವ ದೊಡ್ಡದೊಂದು ಫ್ಯಾನ್, ಮೂರು ತಿಂಗಳಿಗೊಮ್ಮೆ ಕುಂಚದ ಸೇವೆ. ಬಹುತೇಕ ಮನೆಗಳಿಗೆ ಇಷ್ಟು ಸಾಕಾಗುತ್ತದೆ. ಆಗ ಪಾತ್ರಧಾರಿಗಳ ಪಿಸುಮಾತು ಸೋಫಾದವರೆಗೂ ತಲುಪುತ್ತದೆ, ಷೋಕೇಸಿನಲ್ಲಿ ಕಂಪ್ಯೂಟರೊಂದಿದೆ ಎಂಬುದು ಚಿತ್ರ ಮುಗಿಯುವವರೆಗೂ ಮರೆತಿರುತ್ತದೆ.